ತವರಿಗೆ ಮರಳಿದ ಅಣು: ಒಂದು ಕೈನೇಸ್ ಔಷಧದ ಪ್ರಕರಣ ಅಧ್ಯಯನ

2013ರ ಜೂನ್‌ನಲ್ಲಿ ಒಂದು ದೊಡ್ಡ ಔಷಧ ಕಂಪನಿ, ಮೂರು ವರ್ಷಗಳ ಹಿಂದೆ 10 ಕೋಟಿ ಡಾಲರ್ ಮುಂಗಡ ಕೊಟ್ಟು ಕರೆತಂದಿದ್ದ ಅಣುವನ್ನು ತವರಿಗೆ ವಾಪಸ್ ಕಳಿಸಿತು. ರುಮಟಾಯ್ಡ್ ಸಂಧಿವಾತಕ್ಕೆ ಮಾತ್ರೆಯಾಗಬೇಕಿದ್ದ ಅಣು ಅದು. ಐದು ವರ್ಷ ತುಂಬುವುದರೊಳಗೆ, 2018ರ ಏಪ್ರಿಲ್‌ನಲ್ಲಿ, ಅದೇ ಅಣುವಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಈ ನಡುವೆ ಅಣುವಿನ ಒಂದು ಪರಮಾಣುವೂ ಕದಲಿರಲಿಲ್ಲ. ಶುರುವಿನ ಡೋಸು ಕೂಡ ಹಳೆಯದೇ: 100 ಮಿಲಿಗ್ರಾಂ, ದಿನಕ್ಕೆರಡು ಸಲ. ಬದಲಾಗಿದ್ದು ಕಾಯಿಲೆ.

ಬೆಂಗಳೂರಿನ ಲ್ಯಾಬುಗಳಲ್ಲಿ ಕೈನೇಸ್ (ಜೀವಕೋಶದೊಳಗೆ ಸಂಕೇತ ದಾಟಿಸುವ ಕಿಣ್ವ) ಪ್ರಾಜೆಕ್ಟುಗಳ ಮೇಲೆ ದುಡಿಯುವ ಹುಡುಗ ಹುಡುಗಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಈ ಅಣು ಒಳ್ಳೆಯದಾ, ಅಲ್ವಾ?" ಅದಕ್ಕೆ ನಾನು ಮರಳಿ ಕೇಳುವುದು, "ಯಾರಿಗೆ?" ಎಂದು. ಈ ಮರುಪ್ರಶ್ನೆ ಹಾರಿಕೆಯ ಉತ್ತರವಲ್ಲ ಎಂದು ತೋರಿಸಲು ಈ ಪ್ರಕರಣಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅಣುವನ್ನು ಹುಟ್ಟಿಸಿದ ಕ್ಯಾಲಿಫೋರ್ನಿಯಾದ ಚಿಕ್ಕ ಕಂಪನಿಯನ್ನು ತವರು ಎಂದೂ, ಹಣ ಕೊಟ್ಟು ಕರೆದೊಯ್ದ ಯುರೋಪಿನ ದೊಡ್ಡ ಕಂಪನಿಯನ್ನು ಗಂಡನ ಮನೆ ಎಂದೂ ಕರೆಯುತ್ತೇನೆ. ಈ ಕ್ಷೇತ್ರದವರು ನಾಲ್ಕು ಸಾಲು ಓದುವಷ್ಟರಲ್ಲಿ ಊಹಿಸಿಬಿಡುತ್ತಾರೆ, ಊಹಿಸಲಿ. ಹೆಸರು ಬಂದ ಕೂಡಲೇ ಮಾತು ಷೇರು ಬೆಲೆಯ ಕಡೆಗೆ, ಯಾರು ಜಾಣರು ಯಾರು ದಡ್ಡರು ಎಂಬುದರ ಕಡೆಗೆ ಜಾರುತ್ತದೆ. ನನಗೆ ಬೇಕಾದದ್ದು ಅವರು ಯಾವಾಗ ಏನು ನಿರ್ಧರಿಸಿದರು, ಆ ಹೊತ್ತಿಗೆ ಅವರ ಕೈಯಲ್ಲಿ ಯಾವ ಮಾಹಿತಿ ಇತ್ತು ಎಂಬುದಷ್ಟೇ. ಇಲ್ಲಿರುವ ಅಂಕಿಗಳೆಲ್ಲ ಪ್ರಕಟವಾದ ಪರೀಕ್ಷೆಗಳವು.

ಅಣು ಹುಟ್ಟಿದ್ದು

ನಮ್ಮ ಜೀವಕೋಶಗಳಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ. ಎಲ್ಲವುಗಳ ಕಸುಬು ಒಂದೇ: ಜೀವಕೋಶದ ಇಂಧನವಾದ ಎಟಿಪಿಯಿಂದ ಒಂದು ಫಾಸ್ಫೇಟನ್ನು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುವುದು. ಅಂಟಿಸಿದರೆ ಸಂಕೇತ ಮುಂದಕ್ಕೆ ಹೋಗುತ್ತದೆ. ಎಟಿಪಿ ಕೂರುವ ಗುಳಿಯಲ್ಲಿ ಬೇರೊಂದು ಅಣು ಬಂದು ಕೂತರೆ ಸಂಕೇತ ಅಲ್ಲೇ ನಿಲ್ಲುತ್ತದೆ. ತೊಡಕು ಏನೆಂದರೆ, ಈ ಐನೂರರ ಗುಳಿಗಳೂ ಒಂದೇ ಎರಕದಲ್ಲಿ ಹೊಯ್ದ ಇಡ್ಲಿ ತಟ್ಟೆಯಂತೆ. ಒಂದಕ್ಕೆಂದು ಮಾಡಿದ್ದು ಪಕ್ಕದ ಇನ್ನೈದಕ್ಕೂ ಕೂರುತ್ತದೆ.

2001ರಲ್ಲಿ ಇಮ್ಯಾಟಿನಿಬ್ ಎಂಬ ಕೈನೇಸ್ ತಡೆಯುವ ಮದ್ದು ಬಂದು ರಕ್ತದ ಒಂದು ಕ್ಯಾನ್ಸರನ್ನು ದಿನದ ಮಾತ್ರೆಯಿಂದ ಹಿಡಿದಿಟ್ಟ ಮೇಲೆ, ಈ ಗುಳಿಗಳ ಮೇಲೆ ಇಡೀ ಉದ್ಯಮದ ಕಣ್ಣು ಬಿತ್ತು. ಅಲ್ಲಿ ಕೆಟ್ಟಿದ್ದ ಕೈನೇಸ್ ಒಂದೇ, ಕಾಯಿಲೆಯ ಬೇರೂ ಅದೇ. ಉರಿಯೂತದ ಕಾಯಿಲೆಗಳ ಕತೆ ಹಾಗಲ್ಲ. ಸಂಧಿವಾತದವರ ಕೀಲಿನಲ್ಲಿ ಯಾವ ಕೈನೇಸೂ ಕೆಟ್ಟಿರುವುದಿಲ್ಲ. ಅದು ತನ್ನ ಮಾಮೂಲಿ ಕೆಲಸವನ್ನೇ ತಪ್ಪು ಜಾಗದಲ್ಲಿ, ತಪ್ಪು ಹೊತ್ತಿನಲ್ಲಿ ಮಾಡುತ್ತಿರುತ್ತದೆ, ಅದೂ ಹತ್ತಾರು ಜೊತೆಗಾರರೊಡನೆ. ಒಬ್ಬನನ್ನು ತಡೆದರೆ ಉಳಿದವರು ದಾರಿ ಮಾಡಿಕೊಳ್ಳಬಲ್ಲರು.

ತವರು ಮೊದಲು ಹುಡುಕುತ್ತಿದ್ದದ್ದು ಸಂಧಿವಾತದ ಮದ್ದನ್ನೇ ಅಲ್ಲ, ಅಲರ್ಜಿಯ ಮದ್ದನ್ನು. ಅವರು ಹಿಡಿದ ದಾರಿ ನನಗೆ ಇಷ್ಟ. ಒಂದು ಕಿಣ್ವವನ್ನು ಆರಿಸಿ ಅದಕ್ಕೆ ಅಣು ಹುಡುಕುವ ಬದಲು, ಮನುಷ್ಯರ ಮಾಸ್ಟ್ ಕೋಶಗಳನ್ನು ಬೆಳೆಸಿ, ಅಲರ್ಜಿಯ ಪ್ರತಿಕಾಯದಿಂದ ಅವನ್ನು ಕೆರಳಿಸಿ, ಒಡಲಿನ ಹಿಸ್ಟಮೀನನ್ನು ಹೊರಗೆ ಸುರಿಯದಂತೆ ಯಾವ ಅಣು ತಡೆಯುತ್ತದೆ ಎಂದು ನೋಡಿದರು. ತಡೆದ ಅಣು ಕೈಗೆ ಬಂದ ಮೇಲೆ, ಅದು ಹಿಡಿದದ್ದು ಯಾರನ್ನು ಎಂದು ಹಿಂದಕ್ಕೆ ಹುಡುಕಿಕೊಂಡು ಹೋದರು. ಸಿಕ್ಕ ಕೈನೇಸ್‌ನ ಹೆಸರೇ 'ಸಿಕ್'. ಮಾಸ್ಟ್ ಕೋಶದಲ್ಲಿ, ಪ್ರತಿಕಾಯ ತಯಾರಿಸುವ ಬಿ ಕೋಶದಲ್ಲಿ, ಗುರುತು ಬಿದ್ದದ್ದನ್ನು ನುಂಗುವ ಮ್ಯಾಕ್ರೋಫೇಜ್‌ನಲ್ಲಿ, ಪ್ರತಿಕಾಯ ಹೊರಗೆ ಬಂದು ತಟ್ಟಿದಾಗ ಒಳಗಿನವರನ್ನು ಎಬ್ಬಿಸುವುದು ಇದೇ.

ಮೊದಲ ಪ್ರಯತ್ನ ಮೂಗಿಗೆ ಹಾಕುವ ಸ್ಪ್ರೇ, ಬೇರೆಯದೇ ಆದ ಒಂದು ಸಿಕ್ ಪ್ರತಿಬಂಧಕ. ಪರಾಗದ ಕಾಲದಲ್ಲಿ ರೋಗಿಗಳನ್ನು ಪಾರ್ಕಿನಲ್ಲಿ ಕೂರಿಸಿ ಮಾಡಿದ ಪುಟ್ಟ ಪರೀಕ್ಷೆಯಲ್ಲಿ ಗೆದ್ದಿತು. ಅದಕ್ಕಿಂತ ದೀರ್ಘ ಪರೀಕ್ಷೆಯಲ್ಲಿ, 2005ರಲ್ಲಿ, ಸೋತಿತು. ಚಿಕ್ಕದರಲ್ಲಿ ಗೆದ್ದು ದೊಡ್ಡದರಲ್ಲಿ ಸೋಲುವ ಈ ಆಟವನ್ನು ನೆನಪಿನಲ್ಲಿಟ್ಟುಕೊಳ್ಳಿ.

ನಂತರ ಬಂದದ್ದು ನಮ್ಮ ಅಣು. ಇದು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬೇಕು. ಮಾತ್ರೆ ಮಾಡಿದರೆ ಬಂದ ದಾರಿಯಲ್ಲೇ ಹೊರಟುಹೋಗುವ ಜಾತಿ. ರಸಾಯನಶಾಸ್ತ್ರಜ್ಞರು ಅದಕ್ಕೊಂದು ಫಾಸ್ಫೇಟನ್ನು ಬಾಲದಂತೆ ಜೋಡಿಸಿದರು. ಬಾಲವಿದ್ದಾಗ ಕರಗುತ್ತದೆ. ಕರುಳಿನ ಗೋಡೆಯಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಆ ಬಾಲವನ್ನು ಕತ್ತರಿಸುತ್ತದೆ, ಅಸಲು ಅಣು ರಕ್ತಕ್ಕೆ ಇಳಿಯುತ್ತದೆ. ಫಾಸ್ಫೇಟ್ ಅಂಟಿಸುವ ಕಿಣ್ವವನ್ನು ತಡೆಯುವ ಮದ್ದಿಗೆ ಒಂದು ಫಾಸ್ಫೇಟೇ ಸಾರಥಿ! ಈ ಕಸುಬಿನಲ್ಲಿ ನಗು ಬರುವ ಸಂಗತಿಗಳು ಕಡಿಮೆ, ಹಾಗಾಗಿ ಹೇಳಿದೆ.

ಅಸಲು ಅಣು ಸಿಕ್ ಒಂದನ್ನೇ ಹಿಡಿಯುವಂಥದ್ದಲ್ಲ. ಬೇರೆ ಕೈನೇಸ್‌ಗಳೂ ಅದರ ಹಿಡಿತಕ್ಕೆ ಸಿಗುತ್ತವೆ: ಎಫ್‌ಎಲ್‌ಟಿ3, ರೆಟ್, ಎಲ್‌ಸಿಕೆ, ಒಂದಷ್ಟು ಜ್ಯಾಕ್ ಬಳಗ, ಜೊತೆಗೆ ರಕ್ತನಾಳಗಳಲ್ಲಿರುವ ವಿಇಜಿಎಫ್ ಗ್ರಾಹಕ. ಕಡೆಯದನ್ನು ಗಮನಿಸಿ. ನಾಳಗಳು ಸಡಿಲವಾಗಿರಲು ವಿಇಜಿಎಫ್ ಸಂಕೇತ ಬೇಕು. ಅದನ್ನು ಅಡ್ಡಗಟ್ಟಿದರೆ ಬಿಪಿ ಏರುತ್ತದೆ. ಮುಂದಿನ ಕತೆಯಲ್ಲಿ ಈ ಬಿಪಿ ಯಂತ್ರ ಮತ್ತೆ ಮತ್ತೆ ಬರುತ್ತದೆ.

ಮೂರು ಪರೀಕ್ಷೆ, ಎರಡು ಗೆಲುವು

ಸಂಧಿವಾತದ ಔಷಧಗಳನ್ನು ಅಳೆಯುವ ಮಾಮೂಲಿ ಕೋಲು ಎಸಿಆರ್20. ಊದಿದ ಮತ್ತು ನೋಯುವ ಕೀಲುಗಳ ಲೆಕ್ಕ ಕನಿಷ್ಠ ಶೇ 20 ಇಳಿದು, ಜೊತೆಗೆ ಇನ್ನೂ ಐದು ಅಳತೆಗಳಲ್ಲಿ ಮೂರಾದರೂ ಅಷ್ಟೇ ಸುಧಾರಿಸಿದರೆ ಆ ರೋಗಿ ಪಾಸು.

ಮೊದಲ ಪರೀಕ್ಷೆಯಲ್ಲಿ 189 ರೋಗಿಗಳು. ಎಲ್ಲರೂ ಸಂಧಿವಾತದ ಮಾಮೂಲಿ ಮದ್ದಾದ ಮೆಥೊಟ್ರೆಕ್ಸೇಟ್ ತಗೊಳ್ಳುತ್ತಿದ್ದು ಅದು ಸಾಲದವರು. 12 ವಾರದಲ್ಲಿ, 100 ಮಿಲಿಗ್ರಾಂ ದಿನಕ್ಕೆರಡು ಸಲ ತಗೊಂಡವರಲ್ಲಿ ಶೇ 65 ಪಾಸು, 150 ತಗೊಂಡವರಲ್ಲಿ ಶೇ 72. ಹುಸಿಮಾತ್ರೆ (ಹೋಲಿಕೆಗೆ ಕೊಡುವ, ಮದ್ದಿಲ್ಲದ ಮಾತ್ರೆ) ತಗೊಂಡವರಲ್ಲಿ ಶೇ 38. ಇಂಜೆಕ್ಷನ್‌ಗಳ ಕಾಲದಲ್ಲಿ ಬಾಯಿಂದ ನುಂಗುವ ಮಾತ್ರೆಗೆ ಇಂಥ ಅಂಕ! ಆ ಫಲಿತಾಂಶ ಬಂದ ದಿನ ತವರಿನಲ್ಲಿ ಹೋಳಿಗೆ ಊಟವೇ ಆಗಿರಬೇಕು.

2009ರ ಜುಲೈನಲ್ಲಿ ಇನ್ನೆರಡು ಪರೀಕ್ಷೆಗಳ ಫಲ ಒಟ್ಟೊಟ್ಟಿಗೆ ಬಂತು. ಒಂದರಲ್ಲಿ 457 ರೋಗಿಗಳು, ಆರು ತಿಂಗಳು: ಶೇ 67ಕ್ಕೆ ಎದುರು ಹುಸಿಮಾತ್ರೆಯದು ಶೇ 35. ಮತ್ತೆ ಗೆಲುವು. ಇನ್ನೊಂದರಲ್ಲಿ 219 ರೋಗಿಗಳು, ಆಗಲೇ ಜೈವಿಕ ಇಂಜೆಕ್ಷನ್‌ಗಳಿಗೂ ಬಗ್ಗದವರು. ಅಲ್ಲಿ ಶೇ 38ಕ್ಕೆ ಎದುರು ಶೇ 37.

ಈ 38-37ರ ಮುಂದೆ ನಾನು ಯಾವಾಗಲೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸೋಲಿಗೆ ವಿವರಣೆ ಇತ್ತು. ಎರಡು ಗುಂಪುಗಳ ನಡುವೆ ಶುರುವಿನಲ್ಲೇ ವ್ಯತ್ಯಾಸಗಳಿದ್ದವು, ಯಾರು ಎಷ್ಟು ಸ್ಟಿರಾಯ್ಡ್ ತಗೊಳ್ಳುತ್ತಿದ್ದರು, ಹಿಂದೆ ಯಾವ ಇಂಜೆಕ್ಷನ್‌ ಆಗಿತ್ತು ಎಂಬುದರಲ್ಲಿ. ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಇಳಿದಿತ್ತು. ಎಂಆರ್‌ಐನಲ್ಲೂ ಒಂದಿಷ್ಟು ಒಳ್ಳೆಯ ಸೂಚನೆ ಕಂಡಿತ್ತು. ಇವೆಲ್ಲ ಸುಳ್ಳಲ್ಲ. ಆದರೆ ಗೆದ್ದ ಪರೀಕ್ಷೆಯನ್ನು ಯಾರೂ ಇಷ್ಟು ಕೆದಕಿ ನೋಡುವುದಿಲ್ಲ. ಗೆದ್ದ ಗುಂಪುಗಳಲ್ಲಿ ಶುರುವಿನ ವ್ಯತ್ಯಾಸ ಎಷ್ಟಿತ್ತು, ಅದು ಯಾರ ಕಡೆಗೆ ವಾಲಿತ್ತು ಎಂಬ ಪ್ರಶ್ನೆ ಹುಟ್ಟುವುದು ಸೋತಾಗ ಮಾತ್ರ. ಸೋತ ಮಗುವಿಗೆ ಮಾತ್ರ ಜಾತಕ ತೋರಿಸುವ ಹಾಗೆ.

ಬಿಪಿಯ ವಿಷಯವೂ ಆಗಲೇ ಮೇಜಿನ ಮೇಲಿತ್ತು. 457 ಮಂದಿಯ ಪರೀಕ್ಷೆಯಲ್ಲಿ ಒಂದು ತಿಂಗಳಿಗೆ ಮೇಲಿನ ಬಿಪಿ ಸರಾಸರಿ 3 ಪಾಯಿಂಟ್ ಏರಿತ್ತು, ಹುಸಿಮಾತ್ರೆಯವರಲ್ಲಿ 2 ಇಳಿದಿತ್ತು. ಭೇದಿ ಶೇ 19 ಜನರಲ್ಲಿ, ಹುಸಿಮಾತ್ರೆಯವರಲ್ಲಿ ಶೇ 3. ಬಿಳಿ ರಕ್ತಕಣದ ಒಂದು ಬಗೆಯಾದ ನ್ಯೂಟ್ರೋಫಿಲ್ ಕುಸಿದದ್ದು ಶೇ 6 ಜನರಲ್ಲಿ.

ಅದೇ ಹೊತ್ತಿಗೆ, ಹಿತ್ತಿಲಲ್ಲಿ

ಸಂಧಿವಾತದ ದಿಬ್ಬಣ ಮುಂಬಾಗಿಲಲ್ಲಿ ಸಜ್ಜಾಗುತ್ತಿದ್ದಾಗ, ಹಿತ್ತಿಲಲ್ಲಿ ಎರಡು ಪುಟ್ಟ ಕೆಲಸ ನಡೆದಿದ್ದವು.

ಒಂದು ಕ್ಯಾನ್ಸರಿನದು. ಬಿ ಕೋಶದ ಕ್ಯಾನ್ಸರುಗಳಾದ ಲಿಂಫೋಮಾಗಳು ಬದುಕಲು ತಮ್ಮ ಮೈಮೇಲಿನ ಗ್ರಾಹಕದಿಂದ ಬರುವ ಸಂಕೇತವನ್ನು ನೆಚ್ಚಿವೆ, ಆ ಸಂಕೇತದ ಮೊದಲ ಮೆಟ್ಟಿಲುಗಳಲ್ಲೊಂದು ಸಿಕ್. 200 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟಾಗ, ಸಿಎಲ್‌ಎಲ್ ಎಂಬ ನಿಧಾನಗತಿಯ ರಕ್ತದ ಕ್ಯಾನ್ಸರಿನ 11 ರೋಗಿಗಳಲ್ಲಿ 6 ಮಂದಿಗೆ ಗೆಡ್ಡೆ ಕರಗಿತು. ವೇಗವಾಗಿ ಬೆಳೆಯುವ ದೊಡ್ಡ ಬಿ ಕೋಶದ ಲಿಂಫೋಮಾದಲ್ಲಿ ಶೇ 22. ಈ ವರದಿ ಪ್ರಕಟವಾದದ್ದು 2010ರಲ್ಲಿ. ನನ್ನ ಮಟ್ಟಿಗೆ ಅಲ್ಲೊಂದು ಬಾಗಿಲು ಅರ್ಧ ತೆರೆದಿತ್ತು. ಆದರೆ ಅದೇ ದಾರಿಯಲ್ಲಿ ಸಿಕ್‌ನ ಕೆಳಗಿನ ಮೆಟ್ಟಿಲಾದ ಬಿಟಿಕೆಯನ್ನು ಹಿಡಿದವರು ಇನ್ನೊಂದು ಕಡೆ ಕೆಲಸ ಶುರುಮಾಡಿದ್ದರು. ಅವರ ಇಬ್ರುಟಿನಿಬ್ 2013ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದು ಆ ಬಾಗಿಲಿನಿಂದ ಮೊದಲು ಒಳಗೆ ಹೋಯಿತು. ನಮ್ಮ ಅಣುವನ್ನು ಮುಂದೆ ದೊಡ್ಡ ಬಿ ಕೋಶದ ಲಿಂಫೋಮಾದ 68 ರೋಗಿಗಳಲ್ಲಿ ನೋಡಿದಾಗ ಕೆಲಸ ಮಾಡಿದ್ದು ಶೇ 3 ಜನರಲ್ಲಿ. ಮೊದಲ ಶೇ 22 ಎಲ್ಲಿ, ಈ ಶೇ 3 ಎಲ್ಲಿ. ಪಾರ್ಕಿನ ಸ್ಪ್ರೇ ನೆನಪಾಗುತ್ತದೆ.

ಎರಡನೆಯದು ಐಟಿಪಿ ಎಂಬ ಕಾಯಿಲೆಯದು. ಡೆಂಗ್ಯೂ ಕಾಲದ ದಯೆಯಿಂದ ಪ್ಲೇಟ್‌ಲೆಟ್ ಎಂಬ ಪದ ಕರ್ನಾಟಕದ ಅಡುಗೆಮನೆಗಳಿಗೂ ಗೊತ್ತು: ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು, ಇಪ್ಪತ್ತು ಸಾವಿರಕ್ಕಿಳಿದರೆ ಮನೆಯವರಿಗೆ ನಿದ್ದೆಯಿಲ್ಲ. ಐಟಿಪಿಯವರಲ್ಲಿ ಸೊಳ್ಳೆಯೂ ಇಲ್ಲ ಜ್ವರವೂ ಇಲ್ಲ, ದೇಹವೇ ತನ್ನ ಪ್ಲೇಟ್‌ಲೆಟ್‌ಗಳ ಮೇಲೆ ಪ್ರತಿಕಾಯ ಹಚ್ಚಿಬಿಡುತ್ತದೆ. ಹಾಗೆ ಗುರುತು ಬಿದ್ದ ಪ್ಲೇಟ್‌ಲೆಟ್ ಗುಲ್ಮದ (ಸ್ಪ್ಲೀನ್) ಮೂಲಕ ಹಾಯುವಾಗ ಅಲ್ಲಿನ ಮ್ಯಾಕ್ರೋಫೇಜ್ ಅದನ್ನು ಹಿಡಿದು ನುಂಗುತ್ತದೆ. 'ನುಂಗು' ಎಂದು ಹೇಳುವ ಸಂಕೇತ ಹೊರಡುವುದು ಸಿಕ್‌ನಿಂದ.

ರೋಗಿಗಳಿಗೆ ಕೊಡುವ ಮೊದಲು ಇಲಿಯಲ್ಲಿ ನೋಡಿದರು. ಆಮೇಲೆ ಬೇರಾವ ಮದ್ದಿಗೂ ಬಗ್ಗದ 16 ವಯಸ್ಕರಿಗೆ ಕೊಟ್ಟರು. 12 ಮಂದಿಯಲ್ಲಿ ಪ್ಲೇಟ್‌ಲೆಟ್ ಏರಿತು, 8 ಮಂದಿಯಲ್ಲಿ ಏರಿದ್ದು ಹಾಗೇ ಉಳಿಯಿತು. 2009ರಲ್ಲಿ ಇದು ಪ್ರಕಟವಾಯಿತು. ಹದಿನಾರೇ ಜನ, ಹೋಲಿಸಲು ಹುಸಿಮಾತ್ರೆಯ ಗುಂಪೂ ಇಲ್ಲ. ಸಂಧಿವಾತದ ನೂರಾರು ರೋಗಿಗಳ ಅಂಕಿಗಳ ಪಕ್ಕದಲ್ಲಿ ಇದು ಅಡಿಟಿಪ್ಪಣಿಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಸಂಧಿವಾತದ ಮಾರುಕಟ್ಟೆ ಸಾಗರ, ಐಟಿಪಿ ಕೆರೆ.

ಮದುವೆ

2010ರ ಫೆಬ್ರುವರಿಯಲ್ಲಿ ಒಪ್ಪಂದವಾಯಿತು. ಮುಂಗಡ 10 ಕೋಟಿ ಡಾಲರ್. ಪರೀಕ್ಷೆಗಳು, ಪರವಾನಗಿ, ಮೊದಲ ಮಾರಾಟ, ಈ ಘಟ್ಟಗಳನ್ನು ದಾಟಿದಂತೆಲ್ಲ ಇನ್ನೂ 34.5 ಕೋಟಿವರೆಗೆ. ಗಮನಿಸಿ, 38-37ರ ಫಲ ಬಂದು ಆಗ ಏಳು ತಿಂಗಳು. ಗಂಡನ ಮನೆಯವರು ಕಣ್ಣು ಮುಚ್ಚಿ ಸಹಿ ಹಾಕಿದರು ಎನ್ನಲು ನಾನು ತಯಾರಿಲ್ಲ. ಮೂರರಲ್ಲಿ ಎರಡು ಗೆಲುವು, ಅದರಲ್ಲೂ ಗೆದ್ದದ್ದು ದೊಡ್ಡ ಮಾರುಕಟ್ಟೆಯ ರೋಗಿಗಳಲ್ಲಿ, ಮೆಥೊಟ್ರೆಕ್ಸೇಟ್ ಸಾಲದೆ ಮುಂದಿನ ಮದ್ದು ಹುಡುಕುವವರಲ್ಲಿ. ಇಂಜೆಕ್ಷನ್‌ ಸೋತವರಲ್ಲಿ ಮಾತ್ರೆ ಸೋತರೆ ಏನಂತೆ, ಇಂಜೆಕ್ಷನ್‌ಗೂ ಮೊದಲು ಕೊಟ್ಟರಾಯಿತು. ಆ ಹೊತ್ತಿನಲ್ಲಿ ನಾನು ಆ ಕುರ್ಚಿಯಲ್ಲಿದ್ದರೆ? ಬಹುಶಃ ನಾನೂ ಸಹಿ ಹಾಕುತ್ತಿದ್ದೆ.

ಆದರೆ ಕೇಳಬೇಕಿದ್ದ ಒಂದು ಪ್ರಶ್ನೆ ಇತ್ತು. ಈ ಕಾಯಿಲೆಯಲ್ಲಿ ಗೆಲ್ಲುವುದೆಂದರೆ ಯಾರ ಎದುರು ಗೆಲ್ಲುವುದು? ಹುಸಿಮಾತ್ರೆಯ ಎದುರು ಗೆದ್ದರೆ ಪರವಾನಗಿಯ ಅರ್ಧ ದಾರಿ. ಡಾಕ್ಟರು ಮದ್ದಿನ ಚೀಟಿ ಬರೆಯಲು ಕೂತಾಗ ಅವರ ಎದುರಿಗಿರುವುದು ಹುಸಿಮಾತ್ರೆಯಲ್ಲ, ಹತ್ತು ವರ್ಷದಿಂದ ಕೈಗೆ ಪಳಗಿದ ಅಡಲಿಮುಮ್ಯಾಬ್ ಇಂಜೆಕ್ಷನ್.

ಗಂಡನ ಮನೆಯವರು ಆ ಪ್ರಶ್ನೆಯನ್ನು ತಾವೇ ಪರೀಕ್ಷೆಗಿಟ್ಟರು, ಅದು ಅವರ ಹೆಚ್ಚುಗಾರಿಕೆ. ಒಂದು ಪರೀಕ್ಷೆಯಲ್ಲಿ ಮೆಥೊಟ್ರೆಕ್ಸೇಟ್ ಇಲ್ಲದೆ ಅಣುವನ್ನೊಂದೇ ಅಡಲಿಮುಮ್ಯಾಬ್ ಜೊತೆಗೆ ನೇರ ತೂಗಿದರು. 2012ರ ಡಿಸೆಂಬರ್‌ನಲ್ಲಿ ಉತ್ತರ ಬಂತು. ಆರು ವಾರಕ್ಕೆ ಹುಸಿಮಾತ್ರೆಗಿಂತ ಮೇಲು, 24 ವಾರಕ್ಕೆ ಇಂಜೆಕ್ಷನ್‌ಗಿಂತ ಕೆಳಗೆ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಜ್ಯಾಕ್ ಬಳಗದ ಟೊಫಾಸಿಟಿನಿಬ್ ಮಾತ್ರೆಗೆ ಸಂಧಿವಾತಕ್ಕೆಂದೇ ಎಫ್‌ಡಿಎ ಒಪ್ಪಿಗೆ ಸಿಕ್ಕಿತ್ತು. 'ಮಾತ್ರೆ' ಎಂಬ ಒಂದೇ ಹೆಚ್ಚುಗಾರಿಕೆಯೂ ಅಲ್ಲಿಗೆ ಮುಗಿಯಿತು.

2013ರ ಏಪ್ರಿಲ್‌ನಲ್ಲಿ ಮೂರನೇ ಹಂತದ ದೊಡ್ಡ ಪರೀಕ್ಷೆಯ ಫಲ. 900ಕ್ಕೂ ಹೆಚ್ಚು ರೋಗಿಗಳು. ಎಸಿಆರ್20 ಲೆಕ್ಕದಲ್ಲಿ ಶೇ 49ಕ್ಕೆ ಎದುರು ಶೇ 34. ಗೆಲುವೇ, ಆದರೆ ಹಿಂದಿನ 67-35ರ ಅಂತರ ಅರ್ಧಕ್ಕಿಳಿದಿತ್ತು. ಜೊತೆಗಿಟ್ಟಿದ್ದ ಇನ್ನೊಂದು ಗುರಿ ಎಕ್ಸ್‌ರೇಯದು: ಮೂಳೆ ಸವೆಯುವುದು ನಿಧಾನವಾಯಿತೇ? ಇಲ್ಲ. ಸಂಧಿವಾತದ ಮದ್ದು ನೋವನ್ನಷ್ಟೇ ತಗ್ಗಿಸಿ ಮೂಳೆಯನ್ನು ಉಳಿಸದಿದ್ದರೆ, ಈ ಕಾಲದಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನು ಬಿಪಿ. 3 ಪಾಯಿಂಟ್ ಎಂದರೆ ಒಬ್ಬ ರೋಗಿಗೆ ಏನೂ ಅಲ್ಲ, ಒಂದು ಲೋಟ ಕಾಫಿ ಅಷ್ಟು ಏರಿಸಬಲ್ಲದು. ಆದರೆ ಸಂಧಿವಾತದವರಿಗೆ ಹೃದಯದ ಕಾಯಿಲೆಯ ಅಪಾಯ ಮೊದಲೇ ಹೆಚ್ಚು. ಅವರು ಮಾತ್ರೆ ನುಂಗುವುದು ಒಂದೆರಡು ತಿಂಗಳಲ್ಲ, ಇಪ್ಪತ್ತು ಮೂವತ್ತು ವರ್ಷ. ಲಕ್ಷಾಂತರ ಜನರ ಮೇಲೆ, ದಶಕಗಟ್ಟಲೆ, 3 ಪಾಯಿಂಟ್. ಈ ಲೆಕ್ಕ ಬೇರೆ. ಆ ಹೊತ್ತಿಗೆ ಗೆದ್ದಿದ್ದ ಟೊಫಾಸಿಟಿನಿಬ್‌ಗೂ ಇದೇ ತಕ್ಕಡಿ ಮುಂದೆ ಎದುರಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ: ಹೃದಯಾಘಾತ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಗಳ ಕಟ್ಟೆಚ್ಚರಿಕೆಯನ್ನು 2021ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಅದರ ಮೇಲೆ ಹೊರಿಸಿತು.

2013ರ ಜೂನ್‌ನಲ್ಲಿ ಉಳಿದ ಎರಡು ಪರೀಕ್ಷೆಗಳ ಫಲವೂ ಕೈಗೆ ಬಂದಾಗ, ಗಂಡನ ಮನೆಯವರು ಪರವಾನಗಿಗೆ ಅರ್ಜಿ ಹಾಕುವುದಿಲ್ಲ ಎಂದರು. ಅಣು ತವರಿಗೆ ಬಂತು.

ಹಿತ್ತಿಲ ಗಿಡ

ಇಲ್ಲಿಂದ ಮುಂದಿನದ್ದೇ ನಿಜವಾದ ನಿರ್ಧಾರ. ಸೋತು ಬಂದ ಅಣುವನ್ನು ಫ್ರೀಜರಿಗೆ ಹಾಕಿ ಹೊಸದು ಹುಡುಕುವುದು ಸಾಮಾನ್ಯ ನಡೆ. ತವರು ಹಾಗೆ ಮಾಡಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಎರಡು. ಮೊದಲನೆಯದು 16 ಜನರ ಆ ಹಳೆಯ ಐಟಿಪಿ ವರದಿ. ಎರಡನೆಯದು, ಬೇರೆಯವರ ಹಣದಲ್ಲಿ ಸಿಕ್ಕ ಚಿನ್ನ: ಸಂಧಿವಾತದ ಪರೀಕ್ಷೆಗಳಲ್ಲಿ ಸಾವಿರಾರು ರೋಗಿಗಳು ನುಂಗಿದ ದಾಖಲೆ. ಬಿಪಿ ಎಷ್ಟು ಏರುತ್ತದೆ, ಯಾವಾಗ ಏರುತ್ತದೆ, ಮಾಮೂಲಿ ಬಿಪಿ ಮಾತ್ರೆಗೆ ಬಗ್ಗುತ್ತದೆಯೇ, ಲಿವರ್ ಕಿಣ್ವಗಳು ಏನಾಗುತ್ತವೆ, ಎಲ್ಲ ಗೊತ್ತಿತ್ತು. ಅಪರೂಪದ ಕಾಯಿಲೆಗೆ ಮದ್ದು ಮಾಡುವವರಿಗೆ ಸುರಕ್ಷತೆಯ ಇಷ್ಟು ದೊಡ್ಡ ಕಡತ ಕನಸಿನಲ್ಲೂ ಸಿಗುವುದಿಲ್ಲ. ಸೋತ ಪರೀಕ್ಷೆ ದಂಡವಾಯಿತು ಎನ್ನುವವರು ಇದನ್ನು ಮರೆಯುತ್ತಾರೆ.

ಮತ್ತೆ ತಕ್ಕಡಿಯ ಕಡೆ ನೋಡಿ. ಐಟಿಪಿಯಲ್ಲಿ ಬೇರೆ ಮದ್ದಿರಲಿಲ್ಲ ಎಂದಲ್ಲ. ಸ್ಟಿರಾಯ್ಡ್, ರಿಟುಕ್ಸಿಮ್ಯಾಬ್, ಗುಲ್ಮ ತೆಗೆಯುವ ಆಪರೇಷನ್, 2008ರಿಂದ ಪ್ಲೇಟ್‌ಲೆಟ್ ಉತ್ಪಾದನೆ ಹೆಚ್ಚಿಸುವ ಎರಡು ಔಷಧಗಳು. ಆದರೆ ಇವೆಲ್ಲ ಮುಗಿದ ಮೇಲೂ 16 ಸಾವಿರ ಪ್ಲೇಟ್‌ಲೆಟ್‌ನಲ್ಲಿ ದಿನ ದೂಡುವವರು ಇದ್ದರು. ಹಲ್ಲುಜ್ಜಿದರೆ ರಕ್ತ, ತಲೆಗೆ ಏಟು ಬಿದ್ದರೆ ಏನೋ ಎಂಬ ಭಯ. ಅವರಿಗೆ ಬಿಪಿ 3 ಪಾಯಿಂಟ್ ಏರುತ್ತದೆ, ಮಾತ್ರೆ ಕೊಟ್ಟು ಇಳಿಸೋಣ ಎಂದರೆ, "ಆಗಲಿ ಡಾಕ್ಟ್ರೇ" ಎನ್ನುತ್ತಾರೆ. ಸಂಧಿವಾತದಲ್ಲಿ ಅಣುವನ್ನು ಮುಳುಗಿಸಿದ ಕಲ್ಲು ಇಲ್ಲಿ ಕಾಲಿಗೆ ಸಿಕ್ಕ ಹರಳು.

ಇನ್ನೂ ಆಳದ ಕಾರಣ ಒಂದಿದೆ. ಸಂಧಿವಾತದ ಕೀಲಿಗೆ ಉರಿಯೂತ ಬರುವುದು ಹತ್ತು ದಾರಿಗಳಿಂದ, ಸಿಕ್ ಅವುಗಳಲ್ಲಿ ಒಂದು. ಐಟಿಪಿಯಲ್ಲಿ ಪ್ಲೇಟ್‌ಲೆಟ್ ನುಂಗುವ ಬಾಯಿಯ ಹತ್ತಿರವೇ ಸಿಕ್ ಕಾವಲು ನಿಂತಿದೆ. ಒಂದೇ ಕೈನೇಸ್, ಒಂದು ಕಾಯಿಲೆಯಲ್ಲಿ ಜಾತ್ರೆಯ ಜನರಲ್ಲೊಬ್ಬ, ಇನ್ನೊಂದರಲ್ಲಿ ಬಾಗಿಲು ಕಾಯುವವ.

ಒಬ್ಬ ರೋಗಿಯ ತೂಕ

ತವರು ಎರಡು ಅವಳಿ ಪರೀಕ್ಷೆ ಇಟ್ಟಿತು, ಒಟ್ಟು 150 ರೋಗಿಗಳು, ಮೂವರಲ್ಲಿ ಇಬ್ಬರಿಗೆ ಅಸಲು, ಒಬ್ಬರಿಗೆ ಹುಸಿಮಾತ್ರೆ. ರೋಗಿಗಳ ಕಾಯಿಲೆಯ ವಯಸ್ಸು ಸರಾಸರಿಗೆ ಎಂಟು ವರ್ಷ ದಾಟಿತ್ತು. ಮೂರರಲ್ಲಿ ಒಂದು ಪಾಲಿನವರ ಗುಲ್ಮ ತೆಗೆದಾಗಿತ್ತು. ಗೆಲುವಿನ ಗುರಿಯನ್ನು ಅವರು ಎತ್ತರದಲ್ಲಿ ಇಟ್ಟರು. 14ರಿಂದ 24ನೇ ವಾರದ ನಡುವಿನ ಆರು ಭೇಟಿಗಳಲ್ಲಿ ಕನಿಷ್ಠ ನಾಲ್ಕರಲ್ಲಿ ಪ್ಲೇಟ್‌ಲೆಟ್ 50 ಸಾವಿರ ಮುಟ್ಟಿರಬೇಕು. ಒಂದು ಸಲ ಏರಿ ಇಳಿದರೆ ಲೆಕ್ಕಕ್ಕಿಲ್ಲ.

2016ರ ಆಗಸ್ಟ್‌ನಲ್ಲಿ ಮೊದಲ ಪರೀಕ್ಷೆಯ ಫಲ: ಅಸಲು ತಗೊಂಡವರಲ್ಲಿ ಶೇ 18, ಹುಸಿಮಾತ್ರೆಯಲ್ಲಿ ಸೊನ್ನೆ. ಗೆದ್ದರು. ಶೇ 18 ಎಂದರೆ ಕಡಿಮೆ ಎನಿಸಬಹುದು. ಹಲವು ಮದ್ದು ಸೋತವರೇ ಹೆಚ್ಚಿದ್ದ ಪರೀಕ್ಷೆಯಲ್ಲಿ, ಅಷ್ಟು ಎತ್ತರದ ಗುರಿಗೆ, ಅದು ಕಡಿಮೆಯಲ್ಲ. ಆದರೂ ಆ ಸೆಪ್ಟೆಂಬರ್‌ನಲ್ಲಿ ತವರು ಹಣ ಉಳಿಸಲು ಸಂಶೋಧನಾ ವಿಭಾಗದ ಬಹಳ ಜನರನ್ನು ಮನೆಗೆ ಕಳಿಸಿತು. ಮಾಸ್ಟ್ ಕೋಶ ಬೆಳೆಸಿ ಅಣು ಹುಟ್ಟಿಸಿದ ಬಗೆಯ ಕೆಲಸ ಮಾಡುವ ಕೈಗಳು ಅವು. ಪ್ರಕರಣ ಅಧ್ಯಯನಗಳಲ್ಲಿ ಈ ಸಾಲನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಅಕ್ಟೋಬರ್‌ನಲ್ಲಿ ಎರಡನೆಯದರ ಫಲ. ಅಸಲು ಮಾತ್ರೆಯ ಕೆಲಸ ಹೆಚ್ಚುಕಡಿಮೆ ಮೊದಲಿನಷ್ಟೇ. ಆದರೆ ಹುಸಿಮಾತ್ರೆಯ 24 ಜನರಲ್ಲಿ ಒಬ್ಬರ ಪ್ಲೇಟ್‌ಲೆಟ್ ತನ್ನಷ್ಟಕ್ಕೆ ಏರಿ, ಏರಿದ್ದು ಹಾಗೇ ಉಳಿದುಬಿಟ್ಟಿತು. ಒಬ್ಬರದ್ದು! ಆ ಒಬ್ಬರಿಂದ ಸಂಖ್ಯಾಶಾಸ್ತ್ರದ ಗೆರೆ ದಾಟಲಾಗದೆ ಇಡೀ ಪರೀಕ್ಷೆ ಕಾಗದದ ಮೇಲೆ ಸೋತಿತು. ಆ ರೋಗಿಯ ಮಟ್ಟಿಗೆ ಅದು ಹಬ್ಬ. ಕಂಪನಿಯ ಮಟ್ಟಿಗೆ ಎದೆ ಒಡೆಯುವ ಸುದ್ದಿ. ಚಿಕ್ಕ ಪರೀಕ್ಷೆಯ ಸ್ವಭಾವವೇ ಅಂಥದ್ದು, ಒಬ್ಬ ಮನುಷ್ಯ ತಕ್ಕಡಿಯನ್ನು ಈ ಕಡೆಯಿಂದ ಆ ಕಡೆಗೆ ವಾಲಿಸಬಲ್ಲ. 16 ಜನರ ವರದಿಯಲ್ಲಿ ಅದು ಅವರ ಪರವಾಗಿ ವಾಲಿತ್ತೇ? ಆ ಅನುಮಾನವನ್ನೂ ಪ್ರಾಮಾಣಿಕರು ಇಟ್ಟುಕೊಳ್ಳಬೇಕು.

ಈಗ ಎದುರಿದ್ದ ಆಯ್ಕೆ ಮೂರು: ಮೂರನೇ ಪರೀಕ್ಷೆ ಇಡುವುದು, ಕೈಬಿಡುವುದು, ಇದ್ದದ್ದರಲ್ಲೇ ಅರ್ಜಿ ಹಾಕುವುದು. ಮೂರನೇ ಪರೀಕ್ಷೆಗೆ ಮತ್ತೆ ವರ್ಷಗಳು, ಇಲ್ಲದ ಹಣ. ಅವರು ಅರ್ಜಿ ಹಾಕಿದರು, 2017ರ ಏಪ್ರಿಲ್‌ನಲ್ಲಿ. ಎರಡೂ ಪರೀಕ್ಷೆ ಕೂಡಿಸಿದರೆ ಸ್ಥಿರ ಗೆಲುವು ಶೇ 18ಕ್ಕೆ ಎದುರು ಶೇ 2. ಮೊದಲ 12 ವಾರದೊಳಗೆ ಒಮ್ಮೆಯಾದರೂ 50 ಸಾವಿರ ಮುಟ್ಟಿದವರನ್ನು ಎಣಿಸಿದರೆ ಶೇ 43ಕ್ಕೆ ಎದುರು ಶೇ 14. ಏರುವವರಲ್ಲಿ ಸಾಮಾನ್ಯವಾಗಿ ಎರಡು ವಾರದಲ್ಲೇ ಏರಿಕೆ ಕಾಣುತ್ತಿತ್ತು. ಅಂದರೆ ಕೆಲಸ ಮಾಡದಿದ್ದರೆ ಬೇಗ ಗೊತ್ತಾಗುತ್ತದೆ, 12 ವಾರಕ್ಕೆ ನಿಲ್ಲಿಸಬಹುದು. ಈ ಕಡೆಯ ಅಂಶ ಎಫ್‌ಡಿಎ ಮನಸ್ಸಿನಲ್ಲಿ ಎಷ್ಟು ತೂಗಿತೋ ನಾನು ಹೇಳಲಾರೆ, ನನ್ನ ಮನಸ್ಸಿನಲ್ಲಿ ಬಹಳ ತೂಗುತ್ತದೆ. ವರ್ಷಗಟ್ಟಲೆ ನುಂಗಿ ಕಾಯುವ ಮದ್ದಿನ ಅಪಾಯ ಬೇರೆ, ಮೂರು ತಿಂಗಳಲ್ಲಿ ಹೌದೋ ಅಲ್ಲವೋ ಎಂದುಬಿಡುವ ಮದ್ದಿನ ಅಪಾಯ ಬೇರೆ.

2018ರ ಏಪ್ರಿಲ್ 17ರಂದು ಒಪ್ಪಿಗೆ ಬಂತು: ಹಿಂದಿನ ಚಿಕಿತ್ಸೆ ಸಾಲದ, ದೀರ್ಘಕಾಲದ ಐಟಿಪಿ ಇರುವ ವಯಸ್ಕರಿಗೆ. ಬಿಪಿ ಮಾಯವಾಗಿರಲಿಲ್ಲ. ಐಟಿಪಿ ಪರೀಕ್ಷೆಗಳಲ್ಲೂ ಶೇ 28 ಜನರಲ್ಲಿ ಏರಿತ್ತು, ಹುಸಿಮಾತ್ರೆಯವರಲ್ಲಿ ಶೇ 13. ಭೇದಿ ಶೇ 31. ಎಲ್ಲವೂ ಔಷಧದ ಜೊತೆಗಿನ ಕಾಗದದಲ್ಲಿ ದಾಖಲಾಗಿದೆ.

ಇಷ್ಟರಿಂದ ಏನು ಕಲಿಯಬಹುದು, ಏನು ಕಲಿಯಬಾರದು

ನಾನು ನೋಡುವ ಹೆಚ್ಚಿನ ಕೈನೇಸ್ ಪ್ರಾಜೆಕ್ಟುಗಳಲ್ಲಿ ಕಾಯಿಲೆಯ ಹೆಸರು ಮೊದಲ ಸ್ಲೈಡಿನಲ್ಲಿ ಬರುತ್ತದೆ, ಆಮೇಲೆ ಕಡೆಯ ಸ್ಲೈಡಿನವರೆಗೆ ಅದರ ಸುದ್ದಿಯಿಲ್ಲ. ನಡುವೆ ಇರುವುದೆಲ್ಲ ಅಣುವಿನ ಬಲ, ಆಯ್ಕೆಯ ನಿಖರತೆ, ಕರಗುವ ಗುಣ. 'ಉರಿಯೂತ ಮತ್ತು ಕ್ಯಾನ್ಸರ್' ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ, ಎರಡೂ ಒಂದೇ ಅಂಗಡಿಯ ಎರಡು ಕಪಾಟು ಎಂಬಂತೆ. ಕ್ಯಾನ್ಸರಿನಲ್ಲಿ 200 ಮಿಲಿಗ್ರಾಂ ಸಹಿಸಿಕೊಂಡ ಅಡ್ಡಪರಿಣಾಮವನ್ನು ಸಂಧಿವಾತದಲ್ಲಿ 100ಕ್ಕೂ ಸಹಿಸುವುದಿಲ್ಲ, ಐಟಿಪಿಯಲ್ಲಿ ಅದೇ 100ಕ್ಕೆ ಸಹಿಸುತ್ತಾರೆ. ಹಾಗಾಗಿ ಆಯ್ಕೆಯ ನಿಖರತೆ ಎಷ್ಟಿರಬೇಕು ಎಂಬುದನ್ನು ರಸಾಯನಶಾಸ್ತ್ರಜ್ಞರು ಒಬ್ಬರೇ ತೀರ್ಮಾನಿಸಲಾಗದು. ವಿಇಜಿಎಫ್ ಗ್ರಾಹಕವನ್ನು ಬಿಟ್ಟು ಸಿಕ್ ಒಂದನ್ನೇ ಹಿಡಿಯುವ ಅಣು ಬೇಕು ಎಂದು ಎರಡು ವರ್ಷ ಹೆಣಗುವ ಮೊದಲು, ಆ ಬಿಪಿ ಯಾರ ಮೈಮೇಲೆ ಏರಲಿದೆ ಎಂದು ಕೇಳಿದರೆ ಕೆಲವೊಮ್ಮೆ ಆ ಎರಡು ವರ್ಷ ಉಳಿಯುತ್ತದೆ. ಕೆಲವೊಮ್ಮೆ ನಾಲ್ಕು ವರ್ಷ ಹೆಣಗಲೇಬೇಕು ಎಂದು ಗೊತ್ತಾಗುತ್ತದೆ.

ಯಾವಾಗ ಕೊಡುತ್ತೇವೆ ಎಂಬುದೂ ಅಣುವಿನ ಹಣೆಬರಹದಲ್ಲಿ ಒಂದು ಸಾಲು. ಒಪ್ಪಿಗೆಯ ನಂತರ ಹಳೆಯ ಅಂಕಿಗಳನ್ನು ಕೆದಕಿದಾಗ, ಇದನ್ನು ಎರಡನೇ ಮದ್ದಾಗಿ ಪಡೆದಿದ್ದ 32 ಜನರಲ್ಲಿ 25 ಮಂದಿಗೆ ಪ್ಲೇಟ್‌ಲೆಟ್ ಏರಿತ್ತು, ಮೂರನೆಯದೋ ನಂತರದ್ದೋ ಆಗಿ ಪಡೆದವರಲ್ಲಿ ಅರ್ಧಕ್ಕೂ ಕಡಿಮೆ. ಹಿಂತಿರುಗಿ ನೋಡಿ ಮಾಡಿದ ಲೆಕ್ಕ ಇದು, 32 ಜನರದು. ಪಾರ್ಕಿನ ಸ್ಪ್ರೇ ನೆನಪಿರಲಿ.

ಕಲಿಯಬಾರದ ಪಾಠವೂ ಒಂದಿದೆ: ಮದ್ದು ಕೆಲಸ ಮಾಡುವ ಬಗೆ ಕಾಯಿಲೆಯ ಬೇರಿಗೆ ಹತ್ತಿರವಿದ್ದರೆ ಗೆಲುವು ಖಚಿತ ಎಂಬುದು. ಹಾಗಂದುಕೊಂಡವರಲ್ಲಿ ತವರೂ ಇತ್ತು. ಐಟಿಪಿಯ ಸಹೋದರಿಯಂಥ ಇನ್ನೊಂದು ಕಾಯಿಲೆ ಇದೆ. ಅಲ್ಲಿ ಪ್ರತಿಕಾಯ ಅಂಟುವುದು ಕೆಂಪು ರಕ್ತಕಣಕ್ಕೆ, ನುಂಗುವುದು ಅದೇ ಗುಲ್ಮದ ಅದೇ ಮ್ಯಾಕ್ರೋಫೇಜ್, ಹೇಳಿಕೊಡುವುದು ಅದೇ ಸಿಕ್. ಕಾಗದದ ಮೇಲೆ ಇದಕ್ಕಿಂತ ಹತ್ತಿರದ ಗುರಿ ಇರಲಾರದು. 2022ರ ಜೂನ್‌ನಲ್ಲಿ ಮೂರನೇ ಹಂತದ ಪರೀಕ್ಷೆಯ ಫಲ ಬಂತು. ಮುಖ್ಯ ಗುರಿ ತಪ್ಪಿತ್ತು. ಅದಕ್ಕೂ ಮೊದಲು, 2018ರಲ್ಲಿ, ಮೂತ್ರಪಿಂಡದ ಐಜಿಎ ಕಾಯಿಲೆಯಲ್ಲೂ ತಪ್ಪಿತ್ತು. ಕೋವಿಡ್‌ನಲ್ಲಿ ಮೊದಲ ಪುಟ್ಟ ಪರೀಕ್ಷೆ ಆಸೆ ಹುಟ್ಟಿಸಿತು, ದೊಡ್ಡದು 2022ರ ನವೆಂಬರ್‌ನಲ್ಲಿ ಮುಖ್ಯ ಗುರಿಯ ಅಂಚಿಗೆ ಬಂದು ತಪ್ಪಿತು.

ಇಷ್ಟೆಲ್ಲ ಆದ ಮೇಲೂ ಐಟಿಪಿಗೆ ಈ ಮಾತ್ರೆ ಬರೆದುಕೊಡುವ ಡಾಕ್ಟರು ಮಾಡುವ ಕೆಲಸ ಸರಳ. ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ. ಡೋಸು ಒಂದು ಮಟ್ಟಕ್ಕೆ ಸ್ಥಿರವಾಗುವವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ರೋಗಿಯ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬುವುದು.